ಮೂವಿಂಗ್ ಕಾಯಿಲ್ ಕಾರ್ಟ್ರಿಜ್: ಮನೆಯ ಪ್ಲೇಟಿಗೆ ತಕ್ಕ ಮುಳ್ಳು

ಗ್ರಾಮಫೋನ್ ಪ್ಲೇಟಿನ ಗೆರೆಯಲ್ಲಿ ಓಡುವ ವಜ್ರದ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಸಣ್ಣ ಪೆಟ್ಟಿಗೆಗೆ ಕಾರ್ಟ್ರಿಜ್ ಎಂದು ಹೆಸರು. ಅದರೊಳಗೆ ಮುಖ್ಯವಾಗಿ ಇರುವುದು ಮೂರೇ: ಮುಳ್ಳನ್ನು ಹೊತ್ತ ತೆಳು ಕಡ್ಡಿ, ಒಂದು ಅಯಸ್ಕಾಂತ, ಬಲು ಸಣ್ಣ ತಂತಿಯ ಸುರುಳಿ. ಸುರುಳಿ ನಿಂತಲ್ಲೇ ಇದ್ದು, ಕಡ್ಡಿಯ ಹಿಂತುದಿಗೆ ಅಂಟಿದ ಅಯಸ್ಕಾಂತ ಅಲುಗಿದರೆ ಅದು ಮೂವಿಂಗ್ ಮ್ಯಾಗ್ನೆಟ್. ಅಯಸ್ಕಾಂತ ನಿಂತಿದ್ದು ಸುರುಳಿ ಅಲುಗಿದರೆ ಅದು ಮೂವಿಂಗ್ ಕಾಯಿಲ್. ಮನೆಗಳಲ್ಲಿರುವ ಹೆಚ್ಚಿನ ಟರ್ನ್‌ಟೇಬಲ್‌ಗಳಲ್ಲಿ ಮೊದಲನೆಯದೇ ಇರುತ್ತದೆ. ಎರಡನೆಯದು ದುಬಾರಿ, ನಾಜೂಕು, ಜೊತೆಗೆ ಬೇರೆ ಸಲಕರಣೆಯನ್ನೂ ಕೇಳುತ್ತದೆ. ಆದರೂ ಸಂಗೀತವನ್ನು ಹಚ್ಚಿಕೊಂಡವರು ಒಂದಲ್ಲ ಒಂದು ದಿನ ಅದರ ಕಡೆಗೆ ಹೊರಳುತ್ತಾರೆ.

ಅದಕ್ಕೆ ಕಾರಣವಿದೆ. ಕೆಲವೇ ಸುತ್ತುಗಳ ತಂತಿ ಅಯಸ್ಕಾಂತಕ್ಕಿಂತ ಹಗುರ. ಮುಳ್ಳಿನ ಹಿಂದೆ ಎಳೆದಾಡಬೇಕಾದ ತೂಕ ಕಡಿಮೆಯಾದಷ್ಟೂ ಅದು ಗೆರೆಯ ಸೂಕ್ಷ್ಮ ಏರಿಳಿತವನ್ನು ಹೆಚ್ಚು ನಿಷ್ಠೆಯಿಂದ ಹಿಂಬಾಲಿಸುತ್ತದೆ. ತಂಬೂರಿಯ ತಂತಿ ಮೀಟಿದ ಮೇಲೆ ಉಳಿಯುವ ಝೇಂಕಾರ, ಮೃದಂಗದ ಬಲಗಡೆಯ ಪೆಟ್ಟಿನ ಅಂಚು, ಗಾಯಕರು ಉಸಿರು ಎಳೆದುಕೊಳ್ಳುವ ಸದ್ದು ಬಿಡಿಬಿಡಿಯಾಗಿ ಕೇಳುವುದು ಈ ಹಗುರತನದಿಂದ. ಸುತ್ತು ಕಡಿಮೆ ಇರುವುದರಿಂದ ಸುರುಳಿಯ ಇಂಡಕ್ಟೆನ್ಸ್ ಕೂಡ ಕಡಿಮೆ. ಹೀಗಾಗಿ ಕೇಬಲ್ಲಿನ ಉದ್ದ, ಅದರ ಕೆಪಾಸಿಟೆನ್ಸ್ ಮೇಲಿನ ಸ್ವರಗಳನ್ನು ಕೆಡಿಸುವುದೂ ಕಡಿಮೆ. ಇದಕ್ಕೆಲ್ಲ ತೆರಬೇಕಾದ ಬೆಲೆ ವಿದ್ಯುತ್ತಿನಲ್ಲಿದೆ. ಮೂವಿಂಗ್ ಮ್ಯಾಗ್ನೆಟ್ 3ರಿಂದ 5 ಮಿಲಿವೋಲ್ಟ್ ಕೊಟ್ಟರೆ ಸಾಮಾನ್ಯ ಮೂವಿಂಗ್ ಕಾಯಿಲ್ ಕೊಡುವುದು 0.2ರಿಂದ 0.6 ಮಿಲಿವೋಲ್ಟ್ ಮಾತ್ರ. ಆಯ್ಕೆಯ ತೊಡಕುಗಳಲ್ಲಿ ಅರ್ಧದಷ್ಟು ಈ ಒಂದು ಅಂಕಿಯಿಂದ ಹುಟ್ಟುತ್ತವೆ.

ಈ ವಿನ್ಯಾಸ ಹೊಸದಲ್ಲ. ಡೆನ್ಮಾರ್ಕಿನ ಆರ್ಟೋಫೋನ್ ಕಂಪನಿ 1948ರಲ್ಲೇ ಮೂವಿಂಗ್ ಕಾಯಿಲ್ ಪಿಕಪ್ ತಂದಿತು. ಸ್ಟೀರಿಯೋ ಪ್ಲೇಟುಗಳು ಬಂದ ಬೆನ್ನಿಗೇ, 1959ರಲ್ಲಿ, ಅದೇ ಕಂಪನಿಯ ಎಸ್‌ಪಿಯು ಬಂತು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ 1960ರ ದಶಕದ ಆರಂಭದಲ್ಲಿ ರೂಪುಗೊಂಡ ಡೆನಾನ್ ಡಿಎಲ್-103 ಇಂದಿಗೂ ತಯಾರಾಗುತ್ತಿದೆ. ರೇಡಿಯೋ ನಿಲಯದ ದಿನದ ದುಡಿಮೆಗೆಂದು ಮಾಡಿದ ಮುಳ್ಳು ದಶಕಗಳಿಂದ ಮಾರುಕಟ್ಟೆಯಲ್ಲಿ ನಿಂತಿರುವುದು ಈ ಕ್ಷೇತ್ರದಲ್ಲಿ ಅಪರೂಪ. ಹೊಸ ಮಾದರಿ ಎಂದರೆ ಉತ್ತಮ ಮಾದರಿ ಎಂದು ನಂಬುವವರು ಇದನ್ನು ಗಮನಿಸಬೇಕು.

ಇನ್ನು ಮುಳ್ಳು ಓಡುವ ಪ್ಲೇಟಿನ ಕಡೆಗೆ ಬಂದರೆ, ಹಳೆಯ ಮೈಸೂರು ಸೀಮೆಗೆ ಅದರ ಹುಚ್ಚು ಬಹಳ ಹಿಂದಿನದು. 1902ರಲ್ಲಿ ಭಾರತದ ಮೊದಮೊದಲ ಧ್ವನಿಮುದ್ರಿಕೆಗಳಿಗೆ ಹಾಡಿದ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರ ಅರಮನೆಯ ಪ್ಲೇಟುಗಳ ಸಂಗ್ರಹ ಲಂಡನ್ನಿನ ಧ್ವನಿಮುದ್ರಣ ತಜ್ಞರನ್ನೂ ಬೆರಗುಗೊಳಿಸಿತ್ತು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಪ್ಲೇಟುಗಳಾಗಿ ಬಂದದ್ದು ಇದೇ ಮಹಾರಾಜರ ಹಣದಿಂದ. ಅರಮನೆಯ ಹೊರಗೆ, ತುಮಕೂರು ಜಿಲ್ಲೆಯ ಊರುಗಳಲ್ಲಿ, ಪ್ಲೇಟಿನ ರುಚಿ ಬೆಳೆದದ್ದು ಕಂಪನಿ ನಾಟಕಗಳ ಹಾಡಿನಿಂದ. ಗುಬ್ಬಿ ವೀರಣ್ಣನವರ ಕಂಪನಿಯ ಊರು ಇದೇ ಜಿಲ್ಲೆಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ ರಂಗಗೀತೆಯ ಪ್ಲೇಟು, ಸಿನಿಮಾ ಹಾಡಿನ ಪ್ಲೇಟು, ಹಿಂದುಸ್ತಾನಿ ಅಥವಾ ಕರ್ನಾಟಕ ಸಂಗೀತದ ಎಲ್‌ಪಿ ಒಂದೇ ಪೆಟ್ಟಿಗೆಯಲ್ಲಿ ಕಲೆತಿರುವುದು ಸಹಜ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ಘಂಟಸಾಲರ ತೆಲುಗು ಪ್ಲೇಟು, ಶಿರಾದ ಉರ್ದು ಮನೆಮಾತಿನ ಮನೆಗಳಲ್ಲಿ ಕವ್ವಾಲಿ, ಗಜಲ್ ಸೇರಿರಬಹುದು.

ಕಾರ್ಟ್ರಿಜ್ ಆಯ್ಕೆ ಆರಂಭವಾಗಬೇಕಾದದ್ದು ಈ ಪೆಟ್ಟಿಗೆಯಿಂದ. ಅಂಗಡಿಯ ಪಟ್ಟಿಯನ್ನು ಆಮೇಲೆ ನೋಡಬಹುದು. ಯಾವ ಪ್ಲೇಟು ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬುದು ತಿಳಿದ ಮೇಲೆ ಯಾವ ಮುಳ್ಳು ಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಪೆಟ್ಟಿಗೆಯಲ್ಲಿ ಏನಿದೆ

ಮೊದಲು ಬೇರ್ಪಡಿಸಬೇಕಾದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳನ್ನು. ಭಾರತದಲ್ಲಿ ಇವು 1960ರ ದಶಕದ ಕೊನೆಯವರೆಗೂ ತಯಾರಾದವು. ಹಾಗಾಗಿ ಸಾಕಷ್ಟು ಕನ್ನಡ ಸಿನಿಮಾ ಹಾಡುಗಳೂ ಇವುಗಳಲ್ಲೇ ಇವೆ. ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ 1930ರ ದಶಕದ ಎಚ್‌ಎಂವಿ ಪ್ಲೇಟುಗಳೂ, ಮಲ್ಲಿಕಾರ್ಜುನ ಮನ್ಸೂರರ ಮೊದಲ ಧ್ವನಿಮುದ್ರಿಕೆಗಳೂ ಈ ಜಾತಿಯವು. ಇವುಗಳ ಗೆರೆಯ ಅಗಲ ಸುಮಾರು 150 ಮೈಕ್ರಾನ್. ಎಲ್‌ಪಿಯ ಗೆರೆಯ ಅಗಲ ಅದರ ಮೂರನೇ ಒಂದು ಪಾಲು ಮಾತ್ರ. 78ರ ಪ್ಲೇಟಿಗೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ 65ರಿಂದ 75 ಮೈಕ್ರಾನ್. ಎಲ್‌ಪಿಯ ಮುಳ್ಳಿನದು 18 ಮೈಕ್ರಾನ್ ಆಸುಪಾಸು. ಎಲ್‌ಪಿ ಮುಳ್ಳನ್ನು 78ರ ಗೆರೆಗೆ ಇಳಿಸಿದರೆ ಅದು ಗೋಡೆಗಳನ್ನು ಮುಟ್ಟದೆ ತಳದ ಧೂಳಿನಲ್ಲಿ ತೆವಳುತ್ತದೆ. ಹಾಡಿಗಿಂತ ಕರಕರ ಸದ್ದೇ ಹೆಚ್ಚಾಗಿ, ದುಬಾರಿ ವಜ್ರ ಸವೆಯುತ್ತದೆ. ಅಟ್ಟದ ಪೆಟ್ಟಿಗೆಯಲ್ಲಿ ಹೆಚ್ಚಿನವು 78ರ ಪ್ಲೇಟುಗಳೇ ಆಗಿದ್ದರೆ ಮೂವಿಂಗ್ ಕಾಯಿಲ್ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು ಆರ್ಟೋಫೋನ್ 2ಎಂ 78ರಂಥ, 65 ಮೈಕ್ರಾನ್ ಮುಳ್ಳಿನ ಮೂವಿಂಗ್ ಮ್ಯಾಗ್ನೆಟ್ ಕೊಳ್ಳುವುದೇ ಸರಿ. ಎರಡೂ ಬಗೆಯ ಪ್ಲೇಟುಗಳಿದ್ದರೆ ಕಳಚಿ ಹಾಕುವ ಹೆಡ್‌ಶೆಲ್ ಇರುವ ಟರ್ನ್‌ಟೇಬಲ್ ಅನುಕೂಲ. ಒಂದು ಹೆಡ್‌ಶೆಲ್‌ಗೆ ಒಂದು ಮುಳ್ಳು ಕಟ್ಟಿಟ್ಟುಕೊಂಡು ಬೇಕಾದಾಗ ಬದಲಿಸಬಹುದು. ಟರ್ನ್‌ಟೇಬಲ್ಲಿಗೆ 78ರ ವೇಗ ಇದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬಾರದು. ಈಗಿನ ಎಷ್ಟೋ ಮಾದರಿಗಳಲ್ಲಿ ಅದಿಲ್ಲ.

ಎರಡನೆಯದು 45 ಸುತ್ತಿನ ಸಣ್ಣ ಪ್ಲೇಟುಗಳು ಮತ್ತು ಸಿನಿಮಾ ಎಲ್‌ಪಿಗಳು. ‘ಬಂಗಾರದ ಮನುಷ್ಯ’, ‘ನಾಗರಹಾವು’ ತೆರೆಕಂಡ 1972ರ ಹೊತ್ತಿನ ಹಾಡುಗಳು ಇವುಗಳಲ್ಲಿ ಸಿಗುತ್ತವೆ. ಈ ಪ್ಲೇಟುಗಳು ಎಚ್‌ಎಂವಿ ಫಿಯೆಸ್ಟಾ, ಕ್ಯಾಲಿಪ್ಸೊದಂಥ ಪೆಟ್ಟಿಗೆ ಪ್ಲೇಯರುಗಳಲ್ಲಿ ಮದುವೆ, ಜಾತ್ರೆ, ಹೋಟೆಲು ಎಂದು ದುಡಿದು ಬಂದಿರುತ್ತವೆ. ಆ ಪ್ಲೇಯರುಗಳಲ್ಲಿದ್ದದ್ದು ಸೆರಾಮಿಕ್ ಕಾರ್ಟ್ರಿಜ್. ಹಲವು ಗ್ರಾಂ ಭಾರದಲ್ಲಿ ಗೆರೆಯ ಗೋಡೆಯನ್ನು ಅದು ಉಜ್ಜಿಹಾಕಿರುತ್ತದೆ. ಅಂಥ ಪ್ಲೇಯರಿಗೆ ಮೂವಿಂಗ್ ಕಾಯಿಲ್ ಹಾಕಲು ಬರುವುದಿಲ್ಲ. ಕಾರ್ಟ್ರಿಜ್ ಹೊರುವ ಅದರ ತೋಳೂ ಆಂಪ್ಲಿಫೈಯರೂ ಬೇರೆಯೇ ಲೆಕ್ಕದವು. ಸವೆದ ಪ್ಲೇಟಿಗೆ ಅತಿ ಸೂಕ್ಷ್ಮ ಮುಳ್ಳು ಹಾಕಿದರೆ ಫಲ ಎರಡು ಬಗೆ. ಹಳೆಯ ಮುಳ್ಳು ಮುಟ್ಟದ ಆಳದ ಗೋಡೆಯನ್ನು ಹೊಸದು ಹಿಡಿದರೆ ಹಾಡಿಗೆ ಮರುಜೀವ ಬಂದಂತಾಗುತ್ತದೆ. ಗೋಡೆ ಪೂರ್ತಿ ಕೆಟ್ಟಿದ್ದರೆ ಪ್ರತಿ ಗೀರೂ ಎದ್ದು ಕೇಳುತ್ತದೆ. ಇಂಥ ಪೆಟ್ಟಿಗೆಗೆ ದುಂಡು ತುದಿಯ ಡಿಎಲ್-103 ಹೆಚ್ಚು ಸಹನೆಯ ಮುಳ್ಳು.

ಮೂರನೆಯದು ಜೋಪಾನವಾಗಿಟ್ಟ ಶಾಸ್ತ್ರೀಯ ಎಲ್‌ಪಿಗಳು: ಭೀಮಸೇನ ಜೋಶಿ, ಮನ್ಸೂರ್, ಗಂಗೂಬಾಯಿ, ದೊರೆಸ್ವಾಮಿ ಅಯ್ಯಂಗಾರ್. ಮೂವಿಂಗ್ ಕಾಯಿಲ್ ಪೂರ್ತಿ ಸಾರ್ಥಕವಾಗುವುದು ಇಲ್ಲಿ. ಇದರ ಹಿಂದೆ ಸರಳವಾದ ಒಂದು ಲೆಕ್ಕವಿದೆ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ, ಎಲ್ಲಿಯೂ ಆ ವೇಗ ಬದಲಾಗುವುದಿಲ್ಲ. ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹರಿದರೆ, ಲೇಬಲ್ಲಿನ ಬಳಿ ಹರಿಯುವುದು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸ್ವರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರುಕಿಕೊಳ್ಳಬೇಕು. ಹಿಂದುಸ್ತಾನಿ ರಾಗದ ಕ್ರಮ ಇದಕ್ಕೆ ತದ್ವಿರುದ್ಧ. ನಿಧಾನ ಗತಿಯ ವಿಲಂಬಿತ ಮೊದಲು ಬರುತ್ತದೆ, ವೇಗದ ದ್ರುತ ಕೊನೆಗೆ. ಇಪ್ಪತ್ತು ನಿಮಿಷದ ಬದಿಯ ಕೊನೆಯಲ್ಲಿ, ಗೆರೆ ಅತಿ ಇಕ್ಕಟ್ಟಾಗುವ ಜಾಗದಲ್ಲೇ, ತಾನಗಳ ಸುರಿಮಳೆ ಬೀಳುತ್ತದೆ. ದುಂಡು ಮುಳ್ಳಿಗೆ ಆ ಇಕ್ಕಟ್ಟಿನ ತಿರುವುಗಳೊಳಗೆ ಇಳಿಯಲಾಗದೆ ದನಿ ಒಡೆದಂತೆ, ‘ಸ’ಕಾರ ಸೀಳಿದಂತೆ ಕೇಳುತ್ತದೆ. ಪ್ಲೇಟೇ ಹಾಳಾಗಿದೆ ಎಂದು ಎಷ್ಟೋ ಜನ ಅದನ್ನು ಮೂಲೆಗೆ ಹಾಕಿಬಿಡುತ್ತಾರೆ. ಅನೇಕ ಸಲ ತಪ್ಪು ಪ್ಲೇಟಿನದಲ್ಲ, ಮುಳ್ಳಿನ ಆಕಾರದ್ದು. ಶಾಸ್ತ್ರೀಯ ಸಂಗೀತ ಕೇಳುವವರು ಹಣ ಸುರಿಯುವುದಾದರೆ ಮೊದಲು ಮುಳ್ಳಿನ ಆಕಾರಕ್ಕೇ ಸುರಿಯಬೇಕು ಎನ್ನುವುದು ಇದರಿಂದ.

ಆಕಾರಗಳಲ್ಲಿ ದುಂಡು ತುದಿ ಅತ್ಯಂತ ಸರಳ. ಡಿಎಲ್-103ರದು 16.5 ಮೈಕ್ರಾನ್. ಅಂಡಾಕಾರದ ತುದಿ ಒಂದು ಹಂತ ಮೇಲೆ. ಜಪಾನಿನ ಹಾನಾ ಇಎಲ್ ಇಂಥದು. ಶಿಬಾತಾ ಎಂಬ ಆಕಾರ 1970ರ ದಶಕದ ಆರಂಭದಲ್ಲಿ ಜೆವಿಸಿ ಕಂಪನಿಯ ನಾಲ್ಕು ಚಾನೆಲ್ಲಿನ ಪ್ಲೇಟುಗಳಿಗಾಗಿ ಹುಟ್ಟಿತು. ಮನುಷ್ಯರ ಕಿವಿಗೆ ಕೇಳದಷ್ಟು ಮೇಲಿನ ಕಂಪನಾಂಕವನ್ನೂ ಗೆರೆಯಿಂದ ಎತ್ತಬೇಕಾಗಿದ್ದರಿಂದ ಆ ತುದಿ ಗೋಡೆಯನ್ನು ಉದ್ದಕ್ಕೆ, ಸಣ್ಣ ಪಟ್ಟಿಯಲ್ಲಿ ಮುಟ್ಟುವಂತಾಯಿತು. ನಾಲ್ಕು ಚಾನೆಲ್ಲಿನ ಪ್ಲೇಟು ಮರೆಯಾದರೂ ಆಕಾರ ಉಳಿದುಕೊಂಡಿತು. ಹಾನಾ ಎಸ್‌ಎಲ್‌ನಲ್ಲಿರುವುದು ಅದೇ. ಆಡಿಯೋ-ಟೆಕ್ನಿಕಾದ ಎಟಿ-ಒಸಿ9ಎಕ್ಸ್‌ಎಂಎಲ್‌ನ ಮೈಕ್ರೊಲೀನಿಯರ್ ತುದಿ ಇನ್ನೂ ಸಣ್ಣ ಅಂಚಿನದು. ಅದರ ಕಡ್ಡಿ ಅಲ್ಯುಮಿನಿಯಮ್ಮಿನದಲ್ಲ, ಬೋರಾನಿನದು. ಆಕಾರ ಸೂಕ್ಷ್ಮವಾದಷ್ಟೂ ಜೋಡಣೆಯಲ್ಲಿ ಕೂದಲೆಳೆಯ ತಪ್ಪನ್ನೂ ಅದು ಕ್ಷಮಿಸುವುದಿಲ್ಲ. ಕೊಂಡವರೇ ಜೋಡಿಸಿಕೊಳ್ಳಬೇಕಾದ ಊರಿನಲ್ಲಿ ಇದು ಚಿಕ್ಕ ವಿಷಯವಲ್ಲ. ಮೊದಲ ಮೂವಿಂಗ್ ಕಾಯಿಲ್‌ಗೆ ಅಂಡಾಕಾರವೋ ಶಿಬಾತಾವೋ ಸಾಕು.

ತೋಳು ಮತ್ತು ಮುಳ್ಳಿನ ಹೊಂದಾಣಿಕೆ

ಮುಳ್ಳಿನ ಕಡ್ಡಿ ರಬ್ಬರಿನ ಸಣ್ಣ ಬಿಲ್ಲೆಯ ಮೇಲೆ ಕೂತಿರುತ್ತದೆ. ಆ ರಬ್ಬರು ಎಷ್ಟು ಸಡಿಲ ಎಂಬುದನ್ನು ಕಂಪ್ಲಯನ್ಸ್ ಎಂಬ ಅಂಕಿ ಹೇಳುತ್ತದೆ. ರಬ್ಬರಿನ ಬಳುಕು ಮತ್ತು ತೋಳಿನ ತೂಕ ಸೇರಿ ಉಯ್ಯಾಲೆಯ ಹಾಗೆ ತಮ್ಮದೇ ಒಂದು ಲಯದಲ್ಲಿ ತೂಗುತ್ತವೆ. ಆ ಲಯ ಸೆಕೆಂಡಿಗೆ 8ರಿಂದ 12 ಸಲ, ಅಂದರೆ 8ರಿಂದ 12 ಹರ್ಟ್ಜ್, ಇದ್ದರೆ ಕ್ಷೇಮ. ಅದಕ್ಕಿಂತ ಕೆಳಗೆ ಹೋದರೆ ಡೊಂಕಾದ ಪ್ಲೇಟಿನ ಏರುಪೇರಿಗೆ ತೋಳು ಕುಣಿಯತೊಡಗುತ್ತದೆ, ಮೇಲೆ ಹೋದರೆ ಸಂಗೀತದ ಕೆಳ ಸ್ವರಗಳಿಗೇ ತಗಲುತ್ತದೆ. ಲೆಕ್ಕ ಮಾಡುವ ಬಗೆ ಸುಲಭ. ತೋಳಿನ ಪರಿಣಾಮಕಾರಿ ತೂಕ, ಕಾರ್ಟ್ರಿಜ್ಜಿನ ತೂಕ, ಸ್ಕ್ರೂಗಳ ತೂಕವನ್ನು ಗ್ರಾಂಗಳಲ್ಲಿ ಕೂಡಿ, ಕಂಪ್ಲಯನ್ಸಿನಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಬೇಕು.

ಡಿಎಲ್-103ರ ತೂಕ 8.5 ಗ್ರಾಂ. ಜಪಾನಿ ಕಂಪನಿಗಳ ರೂಢಿಯಂತೆ 100 ಹರ್ಟ್ಜ್‌ನಲ್ಲಿ ಅಳೆದ ಅದರ ಕಂಪ್ಲಯನ್ಸ್ 5. ಲೆಕ್ಕಕ್ಕೆ ಬೇಕಾದ 10 ಹರ್ಟ್ಜ್‌ನಲ್ಲಿ ಅದು ಒಂದೂವರೆಯಿಂದ ಎರಡು ಪಟ್ಟು ಎಂದು ಹಿಡಿಯುವುದು ವಾಡಿಕೆ. ಸುಮಾರು 12 ಗ್ರಾಂ ತೋಳಿನ ಟೆಕ್ನಿಕ್ಸ್ ಎಸ್‌ಎಲ್-1200ಕ್ಕೆ ಅದನ್ನು ಕಟ್ಟಿ, ಎರಡು ಪಟ್ಟು ಹಿಡಿದರೆ ಉತ್ತರ 11 ಹರ್ಟ್ಜ್ ಹತ್ತಿರ ಬರುತ್ತದೆ, ಅಂದರೆ ಮಿತಿಯೊಳಗೆ. ಅದೇ 18 ಗ್ರಾಮಿನ ಭಾರದ ತೋಳಿಗೆ 20 ಕಂಪ್ಲಯನ್ಸಿನ, 8 ಗ್ರಾಮಿನ ಸಡಿಲ ಕಾರ್ಟ್ರಿಜ್ ಕಟ್ಟಿದರೆ ಉತ್ತರ 7. ಅದು ಸರಿಯಾದ ಜೋಡಿಯಲ್ಲ. ಅಗ್ಗದ ಟರ್ನ್‌ಟೇಬಲ್ಲುಗಳ ತೀರ ಹಗುರ ತೋಳುಗಳು ಡಿಎಲ್-103ರಂಥ ಬಿಗಿ ಮುಳ್ಳಿಗೆ ಹೊಂದುವುದಿಲ್ಲ. ಭಾರ, ಎತ್ತರ, ಕೋನ ಹೊಂದಿಸಲು ಅವಕಾಶವಿಲ್ಲದ ತೋಳಿಗಂತೂ ಯಾವ ಮೂವಿಂಗ್ ಕಾಯಿಲ್ಲೂ ಬೇಡ.

ಮೇ ತಿಂಗಳಲ್ಲಿ ಈ ಲೆಕ್ಕ ತುಸು ಜರುಗುತ್ತದೆ. ತಯಾರಕರ ಅಂಕಿಗಳು 20ರಿಂದ 25 ಡಿಗ್ರಿಯ ಕೋಣೆಗೆ ಹೇಳಿದವು. ಪಾವಗಡ, ಶಿರಾದ ಬೇಸಿಗೆಯ ಮಧ್ಯಾಹ್ನ ರಬ್ಬರು ಮೆತ್ತಗಾಗುತ್ತದೆ, ಚಳಿಗಾಲದ ಬೆಳಗಿನಲ್ಲಿ ಬಿಗಿಯುತ್ತದೆ. ಮುಳ್ಳು ಪ್ಲೇಟನ್ನು ಒತ್ತುವ ಭಾರ ಎರಡು ಕಾಲಕ್ಕೂ ಒಂದೇ ಇದ್ದರೆ ನಡೆಯುತ್ತದೆ, ಆದರೆ ತಯಾರಕರು ಹೇಳಿದ ಮಿತಿಯ ನಡುವಿನ ಭಾರವನ್ನೇ ಇಡುವುದು ಕ್ಷೇಮ. ಅಂಚಿನ ಭಾರ ಇಟ್ಟವರಿಗೆ ಋತು ಬದಲಾದಾಗ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಪ್ಲೇಟುಗಳನ್ನು ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಒರಗಿಸಿ ಇಟ್ಟರೆ ಡೊಂಕಾಗುವುದು ಇದೇ ತಿಂಗಳುಗಳಲ್ಲಿ.

ಟರ್ನ್‌ಟೇಬಲ್ ಇಡುವ ಜಾಗದ ವಿಷಯದಲ್ಲಿ ಮಾತ್ರ ಈ ಸೀಮೆಗೆ ಅನುಕೂಲವಿದೆ. ಏಕಶಿಲೆಯ ಮಧುಗಿರಿ ಬೆಟ್ಟದ ಸುತ್ತಿನ ಊರುಗಳಲ್ಲಿ ಕಲ್ಲುಚಪ್ಪಡಿಗೆ ಬರವಿಲ್ಲ. ದಪ್ಪ ಚಪ್ಪಡಿಯೊಂದನ್ನು ಗೋಡೆಗೆ ಬಿಗಿದ ಕಬ್ಬಿಣದ ಕೋನಗಳ ಮೇಲೆ ಇಟ್ಟರೆ ನಡೆದಾಟದ ಅದುರು ಮುಳ್ಳಿಗೆ ತಲುಪುವುದಿಲ್ಲ. ಕಲ್ಲಿಗೂ ತನ್ನದೇ ದನಿ ಇರುವುದರಿಂದ ಕೆಳಗೆ ರಬ್ಬರಿನ ತುಂಡು ಇಡಬೇಕು.

ಮಿಲಿವೋಲ್ಟಿನ ಹತ್ತನೇ ಪಾಲು

ಮೂವಿಂಗ್ ಕಾಯಿಲ್ ಕೊಡುವ ಸಣ್ಣ ವಿದ್ಯುತ್ತನ್ನು ಹಿಗ್ಗಿಸುವುದು ಫೋನೋ ಪ್ರೀಆಂಪ್ಲಿಫೈಯರಿನ ಕೆಲಸ. ಮೂವಿಂಗ್ ಮ್ಯಾಗ್ನೆಟ್‌ಗೆ 40 ಡೆಸಿಬೆಲ್, ಅಂದರೆ ನೂರು ಪಟ್ಟು ಹಿಗ್ಗಿಸಿದರೆ ಸಾಕು. 0.3 ಮಿಲಿವೋಲ್ಟಿನ ಮೂವಿಂಗ್ ಕಾಯಿಲ್‌ಗೆ 60 ಡೆಸಿಬೆಲ್ಲಿಗೂ ಹೆಚ್ಚು, ಅಂದರೆ ಸಾವಿರ ಪಟ್ಟಿಗೂ ಮೀರಿ ಬೇಕು. ಮನೆಯಲ್ಲಿರುವ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಫೋನೋ ಎಂದು ಬರೆದಿದೆ ಎಂದ ಮಾತ್ರಕ್ಕೆ ಅದು ಮೂವಿಂಗ್ ಕಾಯಿಲ್ ನಡೆಸುತ್ತದೆ ಎಂದಲ್ಲ. ಹೆಚ್ಚಿನವು ಮೂವಿಂಗ್ ಮ್ಯಾಗ್ನೆಟ್‌ಗೆ ಮಾತ್ರ. ಅವುಗಳಿಗೆ ನೇರವಾಗಿ ಕಟ್ಟಿದರೆ ದನಿ ಪೂರ್ತಿ ಏರಿಸಿದರೂ ಹಾಡು ಪಿಸುಗುಟ್ಟುತ್ತದೆ.

ಇದಕ್ಕೆ ದಾರಿಗಳಿವೆ. ಒಂದು, ಮೂವಿಂಗ್ ಕಾಯಿಲ್‌ಗೆಂದೇ ಮಾಡಿದ ಪ್ರೀಆಂಪ್ಲಿಫೈಯರ್. ಇನ್ನೊಂದು, ಈಗಿರುವುದರ ಮುಂದೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಒಂದಕ್ಕೆ ಹತ್ತರ ಅನುಪಾತದ ಟ್ರಾನ್ಸ್‌ಫಾರ್ಮರ್ 20 ಡೆಸಿಬೆಲ್ ಕೊಡುತ್ತದೆ. ಇದರ ಜೊತೆಗೆ ಲೋಡ್ ಎಂಬ ಇನ್ನೊಂದು ಸಂಗತಿ ಬೆಸೆದುಕೊಂಡಿದೆ. ಸುರುಳಿಗೆ ತನ್ನದೇ ಪ್ರತಿರೋಧವಿದೆ. ಡಿಎಲ್-103ರದು 40 ಓಮ್, ಆರ್ಟೋಫೋನ್ ಕ್ವಿಂಟೆಟ್ ರೆಡ್‌ನದು 7 ಓಮ್. ಅದರ ಮುಂದೆ ಇರುವ ಪ್ರತಿರೋಧ ಕನಿಷ್ಠ ಹತ್ತು ಪಟ್ಟಿರಲಿ ಎಂಬುದು ಒಳ್ಳೆಯ ಆರಂಭ. ಆಮೇಲೆ ಕಿವಿಯೇ ನಿರ್ಧರಿಸಬೇಕು. ಪ್ರತಿರೋಧ ಹೆಚ್ಚಾದಂತೆ ಮೇಲಿನ ಸ್ವರ ಚುರುಕಾಗುತ್ತದೆ, ಕಡಿಮೆಯಾದಂತೆ ಮಂಕಾಗಿ ಒಟ್ಟು ದನಿಯೂ ತಗ್ಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಈ ಅಂಕಿ ಅನುಪಾತದ ವರ್ಗದಿಂದ ಭಾಗವಾಗುತ್ತದೆ. ಸಾಮಾನ್ಯವಾದ 47,000 ಓಮ್ ಒಂದಕ್ಕೆ ಹತ್ತರಲ್ಲಿ 470 ಓಮ್ ಆಗುತ್ತದೆ, ಡಿಎಲ್-103ಕ್ಕೆ ಒಪ್ಪುತ್ತದೆ. ಒಂದಕ್ಕೆ ಇಪ್ಪತ್ತರಲ್ಲಿ ಸುಮಾರು 118 ಓಮ್, ಕ್ವಿಂಟೆಟ್ ರೆಡ್‌ಗೆ ಒಪ್ಪುತ್ತದೆ. ಕಾರ್ಟ್ರಿಜ್ ನೋಡದೆ ಟ್ರಾನ್ಸ್‌ಫಾರ್ಮರ್ ಕೊಳ್ಳಬಾರದು ಎನ್ನುವುದು ಇದಕ್ಕೇ.

ಹೆಚ್ಚು ಸುತ್ತಿನ ತಂತಿಯಿಂದ 1.5ರಿಂದ 2.5 ಮಿಲಿವೋಲ್ಟ್ ಕೊಡುವ ಮೂವಿಂಗ್ ಕಾಯಿಲ್‌ಗಳೂ ಇವೆ. ಹಾನಾ ಇಎಚ್ 2 ಮಿಲಿವೋಲ್ಟ್ ಕೊಡುತ್ತದೆ, ಮಾಮೂಲಿ ಫೋನೋ ಒಳದಾರಿಯಲ್ಲೇ ನಡೆಯುತ್ತದೆ. ಶುದ್ಧವಾದಿಗಳು ಇವನ್ನು ಕೀಳಾಗಿ ಕಾಣುತ್ತಾರೆ, ಏಕೆಂದರೆ ಸುತ್ತು ಹೆಚ್ಚಾದಷ್ಟೂ ಅಲುಗುವ ತೂಕವೂ ಹೆಚ್ಚು. ಆದರೆ ವಿದ್ಯುತ್ತು ನೆಟ್ಟಗಿರದ ಮನೆಯಲ್ಲಿ ಇವೇ ಬುದ್ಧಿವಂತಿಕೆಯ ಆಯ್ಕೆ.

ಹಾಗೆನ್ನಲು ಕಾರಣ ಗುಂಯ್ ಎನ್ನುವ ಸದ್ದು. ಪ್ಲೇಟು ಕೊರೆಯುವಾಗ ಕೆಳಗಿನ ಸ್ವರಗಳನ್ನು ತಗ್ಗಿಸಿ ಮೇಲಿನವನ್ನು ಏರಿಸುತ್ತಾರೆ. 1954ರಿಂದ ರೂಢಿಯಾದ ಆರ್‌ಐಎಎ ನಿಯಮ ಅದು. ನುಡಿಸುವಾಗ ಪ್ರೀಆಂಪ್ಲಿಫೈಯರ್ ಅದನ್ನು ತಿರುಗುಮುರುಗು ಮಾಡುತ್ತದೆ. ಆಗ 50 ಹರ್ಟ್ಜ್‌ನ ಸದ್ದು ಸಾವಿರ ಹರ್ಟ್ಜ್‌ನದಕ್ಕಿಂತ ಏಳು ಪಟ್ಟು ಹೆಚ್ಚು ಹಿಗ್ಗುತ್ತದೆ. ಭಾರತದ ಮನೆವಿದ್ಯುತ್ತಿನ ಕಂಪನಾಂಕವೂ 50 ಹರ್ಟ್ಜ್. ಗೋಡೆಯ ತಂತಿಯಿಂದ, ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಸೋರುವ ಎಳೆಯಷ್ಟು ವಿದ್ಯುತ್ತೂ ಸಾವಿರ ಪಟ್ಟು ಹಿಗ್ಗಿ, ಅದರ ಮೇಲೆ ಏಳು ಪಟ್ಟು ಹಿಗ್ಗಿ ಸ್ಪೀಕರಿಗೆ ಬರುತ್ತದೆ. ತಂಬೂರಿಯ ಮೆಲುದನಿಗಾಗಿ ಕೊಂಡ ಮುಳ್ಳು ಆ ಗುಂಯ್‌ಗುಟ್ಟುವಿಕೆಯಲ್ಲಿ ತಂಬೂರಿಯನ್ನೇ ಮುಳುಗಿಸುತ್ತದೆ.

ಇದಕ್ಕೆ ಮದ್ದು ಒಳ್ಳೆಯ ಅರ್ಥಿಂಗ್. ಒಣಸೀಮೆಯಲ್ಲಿ ಅದೇ ಕಷ್ಟ. ಮಣ್ಣಿನ ತೇವ ಇಳಿದಂತೆ ಅದರ ವಿದ್ಯುತ್ ಪ್ರತಿರೋಧ ಏರುತ್ತದೆ. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ತುಂಬಿ ಹೂತ ಕೊಳವೆ ನಾಲ್ಕಾರು ಬೇಸಿಗೆ ಕಳೆಯುವಷ್ಟರಲ್ಲಿ ಹೆಸರಿಗಷ್ಟೇ ಅರ್ಥಿಂಗ್ ಆಗಿರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹುಯ್ಯುವುದು, ಬಲ್ಲ ಎಲೆಕ್ಟ್ರಿಷಿಯನ್ನಿಂದ ಪ್ರತಿರೋಧ ಅಳೆಯಿಸುವುದು ಮೊದಲ ಕೆಲಸ. ಟರ್ನ್‌ಟೇಬಲ್ಲಿನ ತೋಳಿನಿಂದ ಬರುವ ಸಣ್ಣ ಅರ್ಥ್ ತಂತಿಯನ್ನು ಪ್ರೀಆಂಪ್ಲಿಫೈಯರಿನ ತಿರುಪಿಗೆ ಬಿಗಿಯುವುದು ಎರಡನೆಯದು. ಬಹಳ ಸಲ ಗುಂಯ್ ನಿಲ್ಲುವುದು ಇದೊಂದರಿಂದಲೇ. ಉಪಕರಣಗಳನ್ನೆಲ್ಲ ಒಂದೇ ಪ್ಲಗ್ ಪಾಯಿಂಟಿಗೆ ಕೊಡಬೇಕು. ಯುಪಿಎಸ್, ಸ್ಟೆಬಿಲೈಸರ್, ವೈಫೈ ಪೆಟ್ಟಿಗೆ ದೂರವಿರಬೇಕು.

ಯುಪಿಎಸ್ ಬಗ್ಗೆ ಇನ್ನೊಂದು ಮಾತು. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಪಾವಗಡದ ತಿರುಮಣಿಯ ಬಳಿ ಇದ್ದರೂ ಮನೆಗಳಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ, ಹಾಗಾಗಿ ಹಲವು ಮನೆಗಳಲ್ಲಿ ಯುಪಿಎಸ್ ಇದೆ. ಅಗ್ಗದ ಯುಪಿಎಸ್ ಕೊಡುವುದು ಚೌಕ ಅಲೆಯ ವಿದ್ಯುತ್ತು. ಫ್ಯಾನಿನಲ್ಲಿ ಕೇಳುವ ಗರಗರ ಸದ್ದೇ ಫೋನೋದಲ್ಲೂ ಕೇಳುತ್ತದೆ. ಎಸಿ ಸಿಂಕ್ರೊನಸ್ ಮೋಟಾರಿನ ಟರ್ನ್‌ಟೇಬಲ್ ಅದರ ಮೇಲೆ ಅದುರುತ್ತದೆ. ಪ್ಯೂರ್ ಸೈನ್‌ವೇವ್ ಯುಪಿಎಸ್ ಇಲ್ಲದಿದ್ದರೆ ಕರೆಂಟು ಬರುವವರೆಗೆ ಮುಳ್ಳು ಎತ್ತಿಡುವುದೇ ಲೇಸು. ಕಾರ್ಟ್ರಿಜ್ಜಿಗೆ ಎಷ್ಟು ಹಣವೋ ಅಷ್ಟೇ ಹಣವನ್ನು ಪ್ರೀಆಂಪ್ಲಿಫೈಯರ್ ಮತ್ತು ಅರ್ಥಿಂಗಿಗೆ ತೆಗೆದಿಡಲಾಗದವರು ಒಳ್ಳೆಯ ಮೂವಿಂಗ್ ಮ್ಯಾಗ್ನೆಟ್‌ನಲ್ಲೇ ಹೆಚ್ಚು ಸಂಗೀತ ಕೇಳುತ್ತಾರೆ.

ಧೂಳು, ನೀರು

ಪಾವಗಡ, ಶಿರಾ ಜಿಲ್ಲೆಯಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಸೇರಿವೆ. ಒಣಗಾಳಿಯಲ್ಲಿ ವಿನೈಲ್ ಪ್ಲೇಟು ಕವರಿನಿಂದ ಹೊರಬರುವಾಗಲೇ ಸ್ಥಿರವಿದ್ಯುತ್ತು ಹೊತ್ತು ಕೆಂಪು ಧೂಳನ್ನು ಎಳೆದುಕೊಳ್ಳುತ್ತದೆ. ಧೂಳಿನಲ್ಲಿರುವ ಕಲ್ಲಿನ ಕಣ ಗೆರೆಗೂ ಮುಳ್ಳಿಗೂ ಕುತ್ತು. ಪ್ರತಿ ಬದಿ ಹಾಕುವ ಮುನ್ನ ಕಾರ್ಬನ್ ಫೈಬರ್ ಬ್ರಷ್, ಬದಿ ಮುಗಿದ ಮೇಲೆ ಮುಳ್ಳಿಗೆ ಒಣ ಬ್ರಷ್ಷಿನ ಒಂದು ಎಳೆತ, ಅದೂ ಹಿಂದಿನಿಂದ ಮುಂದಕ್ಕೆ ಮಾತ್ರ. ಅಡ್ಡಕ್ಕೆ ಉಜ್ಜಿದರೆ ಕಡ್ಡಿ ಮುರಿಯುತ್ತದೆ. ಊದಿನಕಡ್ಡಿ, ಒಗ್ಗರಣೆಯ ಹೊಗೆ ಮುಳ್ಳಿನ ಮೇಲೆ ಅಂಟಾಗಿ ಕೂರುವುದರಿಂದ ದೇವರಮನೆ, ಅಡುಗೆಮನೆಗಳಿಂದ ಟರ್ನ್‌ಟೇಬಲ್ ದೂರವಿರಬೇಕು.

ಪ್ಲೇಟು ತೊಳೆಯುವುದಾದರೆ ಕೊಳವೆಬಾವಿಯ ನೀರು ಕೂಡದು. ಪಾವಗಡದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆದರೆ ಪ್ಲೇಟಿಗೆ ಕುತ್ತು ತರುವುದು ಆ ನೀರಿನ ಗಡಸುತನ. ಒಣಗಿದಾಗ ಪಾತ್ರೆಯ ತಳದಲ್ಲಿ ಉಳಿಯುವ ಬಿಳಿ ಪುಡಿಯೇ ಗೆರೆಯೊಳಗೂ ಉಳಿಯುತ್ತದೆ, ಮುಳ್ಳು ಅದರ ಮೇಲೆ ಓಡುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ವಾಸಿ, ಕೊನೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಅದಕ್ಕಿಂತ ವಾಸಿ. 78ರ ಪ್ಲೇಟಿಗೆ ಸ್ಪಿರಿಟ್, ಸ್ಯಾನಿಟೈಸರ್ ಸೋಕಿಸಬಾರದು. ಅರಗು ಅದರಲ್ಲಿ ಕರಗುತ್ತದೆ.

ಕೊಳ್ಳುವಾಗ, ಕೊಂಡ ಮೇಲೆ

ಮೂವಿಂಗ್ ಮ್ಯಾಗ್ನೆಟ್‌ನ ಮುಳ್ಳು ಸವೆದರೆ ಕಿತ್ತು ಹೊಸದು ಚುಚ್ಚಬಹುದು. ಮೂವಿಂಗ್ ಕಾಯಿಲ್‌ನಲ್ಲಿ ಸುರುಳಿ ಕಡ್ಡಿಗೇ ಅಂಟಿಕೊಂಡಿರುವುದರಿಂದ ಅದು ಸಾಧ್ಯವಿಲ್ಲ. ಇಡೀ ಕಾರ್ಟ್ರಿಜ್ ಬದಲಿಸಬೇಕು, ಇಲ್ಲವೇ ಹೊಸ ತುದಿ ಕೂರಿಸುವ ಕುಶಲಕರ್ಮಿಗೆ ಕಳಿಸಬೇಕು. ವಜ್ರದ ಬಾಳಿಕೆ ಆಕಾರ, ಧೂಳು, ಭಾರಗಳನ್ನು ಅವಲಂಬಿಸಿ 500ರಿಂದ 1,000 ಗಂಟೆ. ದಿನಕ್ಕೆ ಒಂದು ಗಂಟೆ ಕೇಳುವ ಮನೆಯಲ್ಲಿ ಇದು ಸುಮಾರು ಒಂದೂವರೆಯಿಂದ ಎರಡೂಮುಕ್ಕಾಲು ವರ್ಷದ ಮಾತು. ಕೊಳ್ಳುವ ಮೊದಲೇ ಹಳೆಯದನ್ನು ಹಿಂದಿರುಗಿಸಿ ಹೊಸದನ್ನು ಕಡಿಮೆ ಬೆಲೆಗೆ ಪಡೆಯುವ ಅವಕಾಶ ಆ ಕಂಪನಿಗೆ ಇದೆಯೇ ಎಂದು ಕೇಳಿಕೊಳ್ಳಬೇಕು. ಹೊರದೇಶದಿಂದ ನೇರ ತರಿಸಿದರೆ ಸುಂಕದ ಮೇಲೆ ವಾರಂಟಿಯ ತೊಡಕೂ ಸೇರುತ್ತದೆ. ಮಧುಗಿರಿಯಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಹೋಗಿ ಕೇಳಿ, ಭೂತಗನ್ನಡಿಯಲ್ಲಿ ಮುಳ್ಳು ನೋಡಿ, ಅಲ್ಲೇ ಜೋಡಿಸಿಕೊಂಡು ಬರುವುದಕ್ಕೆ ಅದು ದೂರವಲ್ಲ. ಬಳಸಿದ ಮೂವಿಂಗ್ ಕಾಯಿಲ್ ಕೊಳ್ಳಬಾರದು. ಓಡಿದ ಗಂಟೆಗಳ ಲೆಕ್ಕ ಮಾರುವವರ ಬಾಯಿಮಾತು ಮಾತ್ರ, ಹಳೆಯ ರಬ್ಬರು ಗಟ್ಟಿಯಾಗಿರುವುದು ಕಣ್ಣಿಗೆ ಕಾಣುವುದಿಲ್ಲ.

ಮನೆಯಲ್ಲೇ ಜೋಡಿಸುವವರು ಕಬ್ಬಿಣದ ಸ್ಕ್ರೂಡ್ರೈವರನ್ನು ದೂರವಿಡಬೇಕು. ಕಾರ್ಟ್ರಿಜ್ಜಿನ ಬಲವಾದ ಅಯಸ್ಕಾಂತ ಅದನ್ನು ಎಳೆದುಕೊಂಡರೆ ಕಡ್ಡಿ ಕ್ಷಣದಲ್ಲಿ ಮುರಿಯುತ್ತದೆ. ಭಾರ ಅಳೆಯಲು ಚಿನ್ನ ತೂಗುವ ಡಿಜಿಟಲ್ ತಕ್ಕಡಿಯ ನಿಖರತೆ ಸಾಕು, ಆದರೆ ಅದರ ಉಕ್ಕಿನ ತಟ್ಟೆಯೂ ಅಯಸ್ಕಾಂತಕ್ಕೆ ಸಿಕ್ಕಿ ಸುಳ್ಳು ತೂಕ ತೋರಿಸುತ್ತದೆ. ಟರ್ನ್‌ಟೇಬಲ್ಲಿಗೆಂದೇ ಮಾಡಿದ ತಕ್ಕಡಿ ಬೇರೆ ಸಿಗುತ್ತದೆ. ಡಿಎಲ್-103ಕ್ಕೆ 2.5 ಗ್ರಾಂ, ಹಾನಾ ಇಎಲ್‌ಗೆ 2 ಗ್ರಾಂ, ಹೀಗೆ ತಯಾರಕರು ಹೇಳಿದ ಭಾರವನ್ನೇ ಇಡಬೇಕು. ಪ್ಲೇಟು ಉಳಿಸಲೆಂದು ಭಾರ ಇಳಿಸುವುದು ತಪ್ಪು ಕರುಣೆ. ಹಗುರವಾದ ಮುಳ್ಳು ಗೆರೆಯಲ್ಲಿ ಎಗರಿ ಗೋಡೆಗೆ ಬಡಿಯುವುದರಿಂದ ಆಗುವ ಹಾನಿಯೇ ಹೆಚ್ಚು. ಆಮೇಲೆ ಕೋನ ಹೊಂದಿಸುವ ಕಾಗದದ ಪ್ರೊಟ್ರ್ಯಾಕ್ಟರಿನ ಎರಡು ಬಿಂದುಗಳಲ್ಲೂ ಮುಳ್ಳು ನೇರ ಕೂರುವಂತೆ, ಎದುರಿನಿಂದ ನೋಡಿದಾಗ ಕಾರ್ಟ್ರಿಜ್ ವಾಲದಂತೆ, ಬದಿಯಿಂದ ನೋಡಿದಾಗ ತೋಳು ಪ್ಲೇಟಿಗೆ ಸಮಾನಾಂತರವಾಗಿರುವಂತೆ ಹೊಂದಿಸಬೇಕು.

ಹೊಸ ರಬ್ಬರು ಹದಕ್ಕೆ ಬರಲು ಹತ್ತಾರು ಗಂಟೆ ಬೇಕು. ಮೊದಲ ದಿನದ ದನಿ ಕೇಳಿ ತೀರ್ಪು ಕೊಡಬಾರದು. ಅಷ್ಟು ಓಡಿದ ಮೇಲೆ ಭಾರವನ್ನೂ ಕೋನವನ್ನೂ ಮತ್ತೊಮ್ಮೆ ಅಳೆದು, ಸ್ಕ್ರೂ ಸಡಿಲಾಗಿದೆಯೇ ನೋಡಿ, ರಾಗದ ಎಲ್‌ಪಿಯೊಂದರ ದ್ರುತ ಭಾಗವನ್ನು, ಲೇಬಲ್ಲಿನ ಪಕ್ಕದ ಕೊನೆಯ ಎರಡು ನಿಮಿಷವನ್ನು, ಹಾಕಿ ಕೇಳಬೇಕು. ತಾನ ಒಡೆಯದೆ ಬಂದರೆ ಜೋಡಣೆ ಸರಿಯಿದೆ. ಓಡಿದ ಗಂಟೆಗಳನ್ನು ಅಂದಿನಿಂದಲೇ ಟರ್ನ್‌ಟೇಬಲ್ ಪಕ್ಕದ ಪುಸ್ತಕದಲ್ಲಿ ಬರೆದಿಡುತ್ತ, 500 ದಾಟಿದ ಮೇಲೆ ಮುಳ್ಳನ್ನು ಬಲ್ಲವರಿಂದ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಸವೆತ ಕಿವಿಗೆ ತಿಳಿಯುವ ಹೊತ್ತಿಗೆ ಅದು ಗೆರೆಗಳನ್ನು ಕೆರೆಯತೊಡಗಿ ಬಹಳ ದಿನವಾಗಿರುತ್ತದೆ.